ಪ್ರಾಕೃತಕ್ಕೆ ಶಾಸ್ತ್ರೀಯ ಸ್ಥಾನ ಸಿಕ್ಕಿತು, ಪಾಠ ಹೇಳುವವರು ಯಾರು?

2024ರ ಅಕ್ಟೋಬರ್ 3ರಂದು ಕೇಂದ್ರ ಸಚಿವ ಸಂಪುಟವು ಪ್ರಾಕೃತ, ಪಾಳಿ, ಮರಾಠಿ, ಬಂಗಾಳಿ ಮತ್ತು ಅಸ್ಸಾಮಿ ಭಾಷೆಗಳಿಗೆ ಶಾಸ್ತ್ರೀಯ ಸ್ಥಾನ ನೀಡಲು ಒಪ್ಪಿತು. ನಮ್ಮ ಆಗಮ ಗ್ರಂಥಗಳ ಭಾಷೆಗೆ ಸಂದ ಗೌರವವೆಂದು ಸಮಾಜ ಬಾಂಧವರು ಸಂತೋಷಪಟ್ಟರು. ಅದು ಸಹಜವೇ. ಆದರೆ ಸ್ಥಾನಮಾನ ಒಂದು ಆದೇಶದಿಂದ ಬರುತ್ತದೆ, ವಿದ್ಯೆ ಹಾಗೆ ಬರುವುದಿಲ್ಲ. ಅದನ್ನು ತರಗತಿಯಲ್ಲಿ ಕಲಿಸುವ ಅಧ್ಯಾಪಕರು ಬೇಕು. ವಿಶ್ವವಿದ್ಯಾಲಯದ ಯಾವುದೇ ಸಣ್ಣ ವಿಭಾಗ ಉಳಿಯುವುದೂ ಅಳಿಯುವುದೂ ಅಲ್ಲಿ ಕಾಯಂ ಅಧ್ಯಾಪಕರು ಇದ್ದಾರೆಯೇ ಇಲ್ಲವೇ ಎಂಬುದರ ಮೇಲೆ ನಿಂತಿದೆ.

ಒಬ್ಬ ಅಧ್ಯಾಪಕರಿಂದ ಏನಾಗುತ್ತದೆ?

ಇದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಅರ್ಧಮಾಗಧಿ ಪಾಠ ಹೇಳಿದರು. ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಅವರು ಸಂಪಾದಿಸಿ ಪ್ರಕಟಿಸಿದ್ದು 1935ರಲ್ಲಿ, ಅಧ್ಯಾಪಕರಾಗಿದ್ದಾಗಲೇ. 1967ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವನ್ನು ಕಟ್ಟಿದರು. 1975ರಲ್ಲಿ ಅವರು ತೀರಿಕೊಂಡ ಮೇಲೂ ಟಿ. ಜಿ. ಕಲಘಟಗಿ, ಎಂ. ಡಿ. ವಸಂತರಾಜ್ ಅವರಂಥ ವಿದ್ವಾಂಸರು ಅಲ್ಲಿ ಆ ಕೆಲಸವನ್ನು ಮುಂದುವರಿಸಿದರು.

ಧವಲದ ಕತೆಯೂ ಹೀಗೆಯೇ ಇದೆ. ಮೂಡುಬಿದಿರೆಯಲ್ಲಿ ಹಳೆಯ ಕನ್ನಡ ಲಿಪಿಯ ತಾಡೋಲೆಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಆ ಟೀಕೆ 1939ರಿಂದ ಹದಿನಾರು ಸಂಪುಟಗಳಲ್ಲಿ ಅಚ್ಚಾಯಿತು. ಅದರ ಸಂಪಾದಕ ಡಾ. ಹೀರಾಲಾಲ್ ಜೈನ್ ಅಮರಾವತಿಯ ಕಾಲೇಜೊಂದರ ಪ್ರಾಧ್ಯಾಪಕರು. ತಾಡೋಲೆ ಕಾಪಾಡಿದ್ದು ಮಠ ಮತ್ತು ಬಸದಿಗಳು, ಅದಕ್ಕೆ ಹಣ ಕೊಟ್ಟದ್ದು ಶ್ರಾವಕರು, ಓದಿ ಅರ್ಥ ಮಾಡಿಸಿದ್ದು ಅಧ್ಯಾಪಕರು. ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ವಿಭಾಗ ಸೊರಗುವ ಬಗೆ

ಯಾವ ವಿಭಾಗವನ್ನೂ ಯಾರೂ ಒಂದೇ ದಿನ ಮುಚ್ಚುವುದಿಲ್ಲ. ಮೊದಲು ಒಬ್ಬ ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ. ಹುದ್ದೆ ಭರ್ತಿಗೆ ಹಣಕಾಸು ಇಲಾಖೆಯ ಒಪ್ಪಿಗೆ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರು ಬರುತ್ತಾರೆ. ಅವರಲ್ಲಿ ವಿದ್ವತ್ತು ಇರಬಹುದು, ಆದರೆ ಮುಂದಿನ ವರ್ಷ ತಾವು ಇರುತ್ತೇವೆಯೇ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಹಾಗಿರುವಾಗ ಅವರು ಪಠ್ಯಕ್ರಮ ಪರಿಷ್ಕರಿಸುವುದು, ಪದವಿ ಕಾಲೇಜುಗಳಿಗೆ ಹೋಗಿ ವಿದ್ಯಾರ್ಥಿಗಳನ್ನು ಕರೆತರುವುದು ಕಷ್ಟ. ಪ್ರವೇಶ ಇಳಿಯುತ್ತದೆ. ವಿದ್ಯಾರ್ಥಿಗಳಿಲ್ಲ ಎಂಬ ಕಾರಣಕ್ಕೆ ಹುದ್ದೆ ಬೇಡ ಎನ್ನುತ್ತಾರೆ, ಅಧ್ಯಾಪಕರಿಲ್ಲ ಎಂಬ ಕಾರಣಕ್ಕೆ ವಿದ್ಯಾರ್ಥಿಗಳು ಬರುವುದಿಲ್ಲ.

ಸಂಶೋಧನೆಗೆ ಪೆಟ್ಟು ಇನ್ನೂ ಬೇಗ ಬೀಳುತ್ತದೆ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮದ ಪ್ರಕಾರ ಮಾರ್ಗದರ್ಶಕರು ಕಾಯಂ ಅಧ್ಯಾಪಕರೇ ಆಗಿರಬೇಕು. ಏಕಕಾಲಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಅಂದರೆ ಒಬ್ಬರೇ ಪ್ರಾಧ್ಯಾಪಕರಿರುವ ವಿಭಾಗದಲ್ಲಿ ಅವರ ಬೀಳ್ಕೊಡುಗೆ ಸಮಾರಂಭಕ್ಕೆ ಮೂರು ವರ್ಷ ಮೊದಲೇ ಸಂಶೋಧನೆಯ ಬಾಗಿಲು ಮುಚ್ಚಿರುತ್ತದೆ.

ವಿದ್ಯಾರ್ಥಿಗೆ ಏನು ಲಾಭ?

"ಮಗ ಪ್ರಾಕೃತ ಓದಿದರೆ ಹೊಟ್ಟೆಪಾಡಿಗೆ ಏನು?" ಎಂದು ತಂದೆ ತಾಯಿ ಕೇಳುವುದು ತಪ್ಪಲ್ಲ. ಅದಕ್ಕೆ ಉತ್ತರವಿದೆ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಪ್ರಾಕೃತ ಒಂದು ಪ್ರತ್ಯೇಕ ವಿಷಯ. ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ ಇನ್ನೊಂದು ವಿಷಯ. ಇದರಲ್ಲಿ ಜೆಆರ್‌ಎಫ್ ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಸಿಗುತ್ತದೆ. ಕನ್ನಡ ಎಂ.ಎ. ಮಾಡಿದವರಿಗೂ ಪ್ರಾಕೃತದ ಬಲವಿದ್ದರೆ ಹಳಗನ್ನಡ, ಶಾಸನ, ಹಸ್ತಪ್ರತಿ ಕ್ಷೇತ್ರಗಳಲ್ಲಿ ಇತರರಿಗಿಲ್ಲದ ಅನುಕೂಲ. ಗೊಮ್ಮಟಸಾರಕ್ಕೆ ಕೇಶವಣ್ಣ ಬರೆದ ಕನ್ನಡ ಟೀಕೆಯಂಥ ಗ್ರಂಥವನ್ನು ಕನ್ನಡ, ಪ್ರಾಕೃತ ಎರಡೂ ಬಲ್ಲವರೇ ಓದಬೇಕು. ಆದರೆ ಇವೆಲ್ಲ ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ತಾನಾಗಿ ತಿಳಿಯುವುದಿಲ್ಲ. ಅರ್ಜಿ ಹಾಕಿಸುವುದು, ಪಠ್ಯ ಓದಿಸುವುದು, ಸೋತಾಗ ಮತ್ತೆ ಕೂರಿಸುವುದು ಅಧ್ಯಾಪಕರ ಕೆಲಸ.

ಸಮಾಜದ ದಾನದ ಲೆಕ್ಕ

ನಮ್ಮ ಸಮಾಜಕ್ಕೆ ಶಾಸ್ತ್ರದಾನದ ಪರಂಪರೆಯಿದೆ. ವಿದ್ಯಾರ್ಥಿನಿಲಯ, ಸಭಾಭವನ, ಗ್ರಂಥ ಪ್ರಕಟಣೆಗೆ ದಾನಿಗಳು ಧಾರಾಳವಾಗಿ ಕೊಟ್ಟಿದ್ದಾರೆ. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆ ಮತ್ತು ಅಲ್ಲಿನ ಧವಲ ಗ್ರಂಥಗಳ ಕನ್ನಡ ಅನುವಾದದ ಕೆಲಸ ಈ ಪರಂಪರೆಯ ಫಲವೇ. ಆದರೆ ಅಧ್ಯಾಪಕ ಹುದ್ದೆಗೆಂದು ದತ್ತಿ ಇಡುವುದು ಅಪರೂಪ. ಕಟ್ಟಡಕ್ಕೆ ಹೆಸರಿನ ಫಲಕ ಹಾಕಬಹುದು, ಪಾಠಕ್ಕೆ ಹಾಕಲಾಗುವುದಿಲ್ಲ ಎಂಬುದೂ ಒಂದು ಕಾರಣ ಇರಬಹುದು.

ಖರ್ಚಿನ ಲೆಕ್ಕ ನೋಡೋಣ. ಏಳನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ, ವರ್ಷಕ್ಕೆ 6,92,400. ಶೇ 6ರ ಬಡ್ಡಿ ಎಂದು ಹಿಡಿದರೂ ಇಷ್ಟು ಆದಾಯಕ್ಕೆ ಸುಮಾರು 1 ಕೋಟಿ 15 ಲಕ್ಷ ರೂಪಾಯಿಯ ಶಾಶ್ವತ ನಿಧಿ ಬೇಕು. ಭತ್ಯೆ, ಬಡ್ತಿ ಸೇರಿಸಿದರೆ ಎರಡು ಕೋಟಿ ದಾಟುತ್ತದೆ. ಒಂದು ಕುಟುಂಬಕ್ಕೆ ಇದು ದೊಡ್ಡ ಮೊತ್ತ. ಒಂದು ಜಿಲ್ಲೆಯ ಸಮಾಜಕ್ಕೆ ಹಲವು ವರ್ಷಗಳಲ್ಲಿ ಕೂಡಿಸಲಾಗದ ಮೊತ್ತವೇನಲ್ಲ.

ಸರ್ಕಾರದ ಹೊಣೆಯನ್ನು ಸಮಾಜ ಏಕೆ ಹೊರಬೇಕು ಎಂಬ ಆಕ್ಷೇಪವೂ ಇದೆ. ನ್ಯಾಯವಾದ ಮಾತು. ಮಂಜೂರಾದ ಹುದ್ದೆ ತುಂಬುವುದು ಸರ್ಕಾರದ ಕರ್ತವ್ಯ, ಅದನ್ನು ಒತ್ತಾಯಿಸಿ ಕೇಳಲೇಬೇಕು. ದತ್ತಿನಿಧಿ ಇರುವುದು ಕಾಯಂ ಹುದ್ದೆಯ ಬದಲಿಗಲ್ಲ. ಹುದ್ದೆ ಖಾಲಿ ಬಿದ್ದ ವರ್ಷಗಳಲ್ಲಿ ಪಾಠ ನಿಲ್ಲದಿರಲಿ ಎಂದು. ಒಪ್ಪಂದ ಬರೆಯುವಾಗಲೇ ಈ ಹಣ ಬೋಧನೆಗೆ ಮಾತ್ರ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು ಎಂಬ ಷರತ್ತು ಇರಲಿ.

ಈಗ ಮಾಡಬಹುದಾದದ್ದು

ಮೊದಲನೆಯದು, ನಮ್ಮ ಶಾಸಕರಿಗೂ ಉನ್ನತ ಶಿಕ್ಷಣ ಇಲಾಖೆಗೂ ಸಂಘಗಳ ಮೂಲಕ ಮನವಿ ಕೊಡುವಾಗ "ಪ್ರಾಕೃತಕ್ಕೆ ಪ್ರೋತ್ಸಾಹ" ಎಂದು ಮೊಗಮ್ಮಾಗಿ ಬರೆಯದೆ, ಯಾವ ವಿಭಾಗದಲ್ಲಿ ಎಷ್ಟು ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ ಎಂದು ಮಾಹಿತಿ ಹಕ್ಕಿನಲ್ಲಿ ಪಡೆದು ಬರೆಯುವುದು. ಎರಡನೆಯದು, ಮನೆಯಲ್ಲಿ ಕನ್ನಡ, ಸಂಸ್ಕೃತ, ಇತಿಹಾಸ ಓದುತ್ತಿರುವ ಮಕ್ಕಳಿದ್ದರೆ ಪ್ರಾಕೃತದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಕೋರ್ಸಿಗೂ ಸೇರಿಸುವುದು. ಸಣ್ಣ ವಿಭಾಗಕ್ಕೆ ಐದು ವಿದ್ಯಾರ್ಥಿಗಳು ಹೆಚ್ಚಾದರೂ ಹುದ್ದೆ ಕೇಳಲು ಆಧಾರ ಸಿಗುತ್ತದೆ. ಮೂರನೆಯದು, ಇಂದು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವ ವಿದ್ವಾಂಸರನ್ನು ಸನ್ಮಾನಕ್ಕೆ ಮಾತ್ರ ಕರೆಯದೆ, ಬೇಸಿಗೆ ಶಿಬಿರ, ಹಸ್ತಪ್ರತಿ ಪಟ್ಟಿ ತಯಾರಿಕೆಯಂಥ ಸಂಭಾವನೆಯುಳ್ಳ ಕೆಲಸಗಳಿಗೆ ಕರೆಯುವುದು.

ಮೂಡುಬಿದಿರೆಯ ತಾಡೋಲೆಗಳು ಇನ್ನಷ್ಟು ಕಾಲ ಬಾಳಬಲ್ಲವು. ಅವನ್ನು ಓದಬಲ್ಲ ಅಧ್ಯಾಪಕರು ಅರವತ್ತು ದಾಟುತ್ತಿದ್ದಂತೆ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಬರುವವರನ್ನು ಈಗಲೇ ತಯಾರು ಮಾಡಬೇಕು.