ತಿರುಗದ ಪೆಡಲಿಗೆ ಬಂಗಾರದ ಬಣ್ಣವೇಕೆ?

ರಾಜ್ಯೋತ್ಸವವಿರಲಿ, ಯುಗಾದಿಯಿರಲಿ, ನಮ್ಮ ಸಭಾಂಗಣದ ಬಾಗಿಲಲ್ಲಿ ಹಳೆಯ ಸೈಕಲ್ಲೊಂದನ್ನು ನಿಲ್ಲಿಸುವುದು ಈಚೆಗೆ ರೂಢಿಯಾಗಿದೆ. ಬುಟ್ಟಿಯಲ್ಲಿ ಸೇವಂತಿಗೆ, ಹ್ಯಾಂಡಲಿಗೆ ಹಳದಿ-ಕೆಂಪು ಬಾವುಟ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ, "ನಿಮ್ಮ ತಾತ ಇಂಥದ್ದರಲ್ಲೇ ಶಾಲೆಗೆ ಹೋಗುತ್ತಿದ್ದರು" ಎಂದು ಹೇಳಿ ಫೋಟೋ ತೆಗೆಯುತ್ತೇವೆ. ಕಳೆದ ಸಲ ಹುಡುಗನೊಬ್ಬ ಅದರ ಪೆಡಲನ್ನು ತುಳಿಯಲೆತ್ನಿಸಿದ. ಅದು ಅಲುಗಲಿಲ್ಲ. ತುಕ್ಕಿನ ಮೇಲೆಯೇ ಬಂಗಾರದ ಬಣ್ಣ ಬಳಿದು, ಅಚ್ಚಿನ ಸುತ್ತಲಿನ ಸಂದನ್ನೂ ಮುಚ್ಚಲಾಗಿತ್ತು. ಇದನ್ನು ಪುನರುಜ್ಜೀವನವೆಂದು ಕರೆಯುವುದಕ್ಕೆ ನಮ್ಮ ಆಕ್ಷೇಪವಿದೆ.

ನಾವು ನೆಲೆಸಿರುವ ಈ ಇಂಗ್ಲೆಂಡ್ ಅಂಥ ಸೈಕಲ್ಲುಗಳ ತವರು. ರಾಲೀ ನಾಟಿಂಗ್‌ಹ್ಯಾಮಿನಲ್ಲಿ ಆರಂಭವಾಯಿತು, ಬಿ.ಎಸ್.ಎ. ಬರ್ಮಿಂಗ್‌ಹ್ಯಾಮಿನದು. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್ ಸ್ಥಾಪನೆಯಾದ ಮೇಲೆ ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಹೆಸರುಗಳು ಕ್ರಮೇಣ ನಮ್ಮ ಊರುಗಳಲ್ಲೂ ಮನೆಮಾತಾದವು. ಆ ಕಾಲದ ಪೆಡಲನ್ನು ಬಿಚ್ಚಲೆಂದೇ ಮಾಡುತ್ತಿದ್ದರು: ಹೊರತುದಿಯಲ್ಲಿ ಧೂಳು ತಡೆಯುವ ಮುಚ್ಚಳ, ಅದರೊಳಗೆ ಲಾಕ್‌ನಟ್, ವಾಷರ್, ಕೋನ್, ಎರಡೂ ತುದಿಗಳಲ್ಲಿ ಗುಂಡುಗಳ ಸಾಲು. ಊರಿನ ಸೈಕಲ್ ಶಾಪಿನವರು ಓವರಾಯಿಲಿಂಗ್ ಎನ್ನುತ್ತಿದ್ದಾಗ ಈ ಕೆಲಸವೂ ಅದರಲ್ಲಿ ಸೇರಿತ್ತು.

ಹೊಸ ಜೋಡಿ ಅಗ್ಗಕ್ಕೆ ಸಿಗುವಾಗ ಈ ಶ್ರಮವೇಕೆ ಎಂದು ಕೇಳುವವರುಂಟು. ಅಗ್ಗದ ಹೊಸ ಪೆಡಲುಗಳಲ್ಲಿ ಎಷ್ಟೋ ಬಿಚ್ಚಲಾಗದವು. ಸವೆದರೆ ಕಸದ ತೊಟ್ಟಿಯೇ ಗತಿ. ಹಳೆಯದಕ್ಕೆ ಒಂದು ಸಂಜೆ, ಒಂದೆರಡು ಸ್ಪ್ಯಾನರ್, ಸೀಮೆಎಣ್ಣೆ, ಗ್ರೀಸ್ ಸಾಕು.

ಆದರೆ ತಿಳಿದು ಕೈಹಾಕಬೇಕು. ಎಡ ಪೆಡಲಿನ ಥ್ರೆಡ್ ತಿರುಗುಮುರುಗು. ಅದನ್ನರಿಯದೆ ಬಲ ಹಾಕಿದವರು ಕ್ರ್ಯಾಂಕನ್ನೇ ಕೆಡಿಸುತ್ತಾರೆ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದತ್ತ ಎಳೆದರೆ ಎರಡೂ ಪೆಡಲುಗಳು ಸಡಿಲವಾಗುತ್ತವೆ. ಗುಂಡುಗಳನ್ನು ತಟ್ಟೆಯಲ್ಲಿ ಹಿಡಿದು, ಎರಡೂ ತುದಿಯವನ್ನು ಬೇರೆಬೇರೆಯಾಗಿ ಎಣಿಸಿಡಬೇಕು. ಮೇಣದಂತೆ ಗಟ್ಟಿಯಾದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆಯಬೇಕು. ಕೋನಿನ ಮೈಯಲ್ಲಿ ಕುಳಿ ಬಿದ್ದಿದ್ದರೆ ಎಷ್ಟು ಗ್ರೀಸ್ ತುಂಬಿದರೂ ಫಲವಿಲ್ಲ, ಅದನ್ನು ಬದಲಿಸಬೇಕು. ಗುಂಡುಗಳನ್ನಂತೂ ಅಷ್ಟನ್ನೂ ಹೊಸದಾಗಿ ಹಾಕಬೇಕು. ಅವು ಸಾಮಾನ್ಯವಾಗಿ 5/32 ಅಂಗುಲದವು. ಆದರೂ ಅಳೆದೇ ಕೊಳ್ಳುವುದು ಲೇಸು. ಕೋನ್ ಬಿಗಿದಾಗ ಪೆಡಲ್ ಅಲುಗಾಡಲೂ ಬಾರದು, ತಡೆದು ತಡೆದು ತಿರುಗಲೂ ಬಾರದು. ಲಾಕ್‌ನಟ್ ಬಿಗಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ಅದು ಕೋನನ್ನು ಇನ್ನಷ್ಟು ಒತ್ತುತ್ತದೆ. ಕ್ರ್ಯಾಂಕಿಗೆ ಕೂಡಿಸುವ ಮುನ್ನ ಥ್ರೆಡ್ಡಿಗೂ ಗ್ರೀಸ್ ಸವರಿದರೆ ಮುಂದೆ ಬಿಚ್ಚುವವರು ನಮ್ಮನ್ನು ಹರಸುತ್ತಾರೆ.

ಎಲ್ಲವನ್ನೂ ಉಳಿಸಲಾಗದೆಂಬುದನ್ನು ವೈದ್ಯರಾದ ನಾವು ಬಲ್ಲೆವು. ಅಚ್ಚು ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ಪಾದ ಓಲಾಡುತ್ತದೆ, ಮೊಣಕಾಲು ನೋಯುತ್ತದೆ. ಬಿರುಕು ಬಿಟ್ಟಿದ್ದರೆ ಅದು ಮುರಿದು ಸವಾರನನ್ನು ಕೆಡವೀತು. ಅಂಥದ್ದನ್ನು ಎಸೆಯಲೇಬೇಕು. ಆದರೆ ಬಿಚ್ಚಿ ನೋಡದೆ ಎಸೆಯುವುದೂ ಬಿಚ್ಚಿ ನೋಡದೆ ಬಣ್ಣ ಬಳಿಯುವುದೂ ಒಂದೇ ಬಗೆಯ ಉದಾಸೀನ. ಬಳಸದೆ ಸಿಂಗರಿಸಿಟ್ಟದ್ದು ಜಡವಾಗುತ್ತದೆಂಬುದನ್ನು, ವೇದಿಕೆಯ ಮೇಲಷ್ಟೇ ಕನ್ನಡ ನುಡಿಯುವ ನಮ್ಮ ಮನೆಗಳಿಗೆ ಬೇರೆ ಹೇಳಬೇಕೆ?

ಮುಂದಿನ ರಾಜ್ಯೋತ್ಸವಕ್ಕೂ ಸೈಕಲ್ ನಿಲ್ಲಲಿ. ಬಾವುಟ ಕಟ್ಟುವ ಮುನ್ನ ಅದರ ಎರಡೂ ಪೆಡಲುಗಳನ್ನು ಮಕ್ಕಳ ಕೈಯಿಂದಲೇ ಬಿಚ್ಚಿಸಿ ತೊಳೆಸೋಣ. ಸ್ಪ್ಯಾನರ್, ಸೀಮೆಎಣ್ಣೆ ನಾವು ತರುತ್ತೇವೆ. ಅಷ್ಟಕ್ಕೂ ಸಮಯವಿಲ್ಲವೆಂದಾದರೆ ಸೇವಂತಿಗೆಯನ್ನು ಮೇಜಿನ ಮೇಲಿಡೋಣ; ತಾತನ ಸೈಕಲ್ಲಿನ ಹೆಸರು ಹೇಳುವುದು ಬೇಡ.