ಕಲಭದರ್ಶನ

ಕಗ್ಗದಾಸಪುರದ ರೈಲ್ವೆ ಗೇಟಿನ ಮುಂದೆ ನಿಂತು ನಿಂತು ಆಯುಷ್ಯದ ಒಂದು ಪಾಲನ್ನೇ ಕಳೆದಿರುವ ನಮಗೆ ತಾಳ್ಮೆಯನ್ನು ಇನ್ನಾರೂ ಕಲಿಸಬೇಕಾಗಿಲ್ಲವೆಂದು ನಾವು ತಿಳಿದಿದ್ದೆವು. ಆ ಎಣಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಬನ್ನೇರುಘಟ್ಟದ ಒಂದು ಹೆಣ್ಣಾನೆ. ಆ ಸಂಗತಿಯನ್ನೇ ಈ ತಿಂಗಳು ವಾಚಕರಲ್ಲಿ ನಿವೇದಿಸುತ್ತೇವೆ.

ನಮ್ಮ ಮೊಮ್ಮಗನಿಗೆ ಎಂಟು ವರ್ಷ. ಬನ್ನೇರುಘಟ್ಟದ ಜೈವಿಕ ಉದ್ಯಾನದಲ್ಲಿ ಆನೆಯೊಂದು ಮರಿ ಹಾಕಿರುವುದೆಂಬ ವರ್ತಮಾನವನ್ನು ಕೇಳಿದಂದಿನಿಂದ ಅವನು ನಮ್ಮನ್ನು ನೆಮ್ಮದಿಯಾಗಿರಗೊಡಲಿಲ್ಲ. ಮಂಗಳವಾರ ಅಲ್ಲಿ ರಜೆಯಾದುದರಿಂದ ಬುಧವಾರ ಬೆಳಗ್ಗೆ ಬುತ್ತಿ ಕಟ್ಟಿಕೊಂಡು, ಮಗಳ ಕ್ಯಾಮೆರಾವನ್ನು ಕೊರಳಿಗೆ ತಗುಲಿಸಿಕೊಂಡು, ಬಾಡಿಗೆಯ ಮೋಟಾರಿನಲ್ಲಿ ಹೊರಟೆವು. ಚಂಪಕಧಾಮ ಸ್ವಾಮಿಯ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಬಿಸಿಲೇರಿತ್ತು.

ತಾಯಾನೆಯ ನಾಲ್ಕು ಕಾಲುಗಳ ನಡುವೆ, ದೇವಾಲಯದ ಕಂಬಗಳ ಸಂದಿನಲ್ಲಿ ಅವಿತ ಹುಡುಗನಂತೆ, ಮರಿಯು ನಿಂತಿತ್ತು. ಮೂರಡಿಯಷ್ಟು ಎತ್ತರ, ತಲೆಯ ಮೇಲೂ ಬೆನ್ನ ಮೇಲೂ ಕೆಂಚುಗೂದಲು. ಅಮರಕೋಶದಲ್ಲಿ ಆನೆಯ ಮರಿಗೆ ಕಲಭವೆಂಬ ಹೆಸರಿರುವುದನ್ನು ನಾವು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದೆವಾದರೂ, ಆ ಶಬ್ದದ ಅರ್ಥವನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಸುಮಾರು 20ರಿಂದ 22 ತಿಂಗಳು ಗರ್ಭದಲ್ಲಿದ್ದು, ಸುಮಾರು 100 ಕಿಲೋಗ್ರಾಂ ತೂಕದೊಡನೆ ಹುಟ್ಟುವ ಈ ಶಿಶುವು ಒಂದೆರಡು ಗಂಟೆಗಳೊಳಗೆ ಎದ್ದು ನಿಲ್ಲುತ್ತದೆ. ಆದರೆ ತನ್ನ ಸೊಂಡಿಲಿನಿಂದ ಏನು ಮಾಡಬೇಕೆಂಬುದು ಅದಕ್ಕೆ ತಿಂಗಳುಗಟ್ಟಲೆ ತಿಳಿಯದು. ನಾವು ನೋಡುತ್ತಿದ್ದಂತೆಯೇ ಮರಿಯು ತನ್ನ ಸೊಂಡಿಲನ್ನು ತಾನೇ ತುಳಿದುಕೊಂಡಿತು; ಬಳಿಕ ಅದನ್ನು ಬಾಯಲ್ಲಿಟ್ಟುಕೊಂಡು, ಬೆರಳು ಚೀಪುವ ಕೂಸಿನಂತೆ ಚೀಪತೊಡಗಿತು. ಮೊಮ್ಮಗನು ಕೈ ತಟ್ಟಿ ನಕ್ಕನು.

ಸ್ವಲ್ಪ ಹೊತ್ತಿನಲ್ಲಿ ಮರಿಗೆ ಹಸಿವಾಯಿತು. ಅದು ಸೊಂಡಿಲನ್ನು ಹಣೆಯ ಕಡೆಗೆ ಮಡಿಸಿ, ತಾಯಿಯ ಮುಂಗಾಲುಗಳ ನಡುವಣ ಮೊಲೆಗೆ ಬಾಯಿ ಹಚ್ಚಿ ಕುಡಿಯಿತು. ಇದನ್ನು ಕಂಡು ನಮ್ಮ ಮುಖ ಬಾಡಿತು. ಕಾರಣವನ್ನು ಮುಚ್ಚಿಡುವುದು ಸಲ್ಲದು. ಆನೆಯ ಮರಿಯು ಹಾಲನ್ನು ಸೊಂಡಿಲಿನಿಂದಲೇ ಹೀರುವುದೆಂದು ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತ ಬಂದಿದ್ದೆವು. ಒಮ್ಮೆ ಒಬ್ಬ ಹುಡುಗನು ಎದ್ದು, “ಹಾಗಾದರೆ ಹಾಲು ಮೂಗಿಗೆ ಏರುವುದಿಲ್ಲವೇ?” ಎಂದು ಕೇಳಿದಾಗ, ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದ್ದೆವು. ದೊಡ್ಡ ಆನೆಯು ಕೂಡ ನೀರನ್ನು ಸೊಂಡಿಲಿಗೆ ಎಳೆದುಕೊಂಡು ಬಾಯಿಗೆ ಸುರಿದುಕೊಳ್ಳುತ್ತದೆಯೇ ಹೊರತು ಸೊಂಡಿಲಿನಿಂದ ಕುಡಿಯುವುದಿಲ್ಲ. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಈ ಪುಟ ಅವನ ಕಣ್ಣಿಗೆ ಬಿದ್ದರೆ, ಅವನ ಸಂದೇಹವೇ ಸರಿಯಾಗಿತ್ತೆಂದು ತಿಳಿಯಲಿ.

ಒಂದು ತಪ್ಪನ್ನು ಅರಿತವನು ಒಡನೆಯೇ ಇನ್ನೊಂದನ್ನು ಮಾಡಲಾರನೆಂದು ವಾಚಕರು ಎಣಿಸಬಹುದು. ನಾವು ಮಾಡಿದೆವು. ಮರಿಯು ಹಾಲು ಕುಡಿಯುವ ಚಿತ್ರ ಬೇಕೆಂಬ ಆತುರದಿಂದ ಕಟಕಟೆಯ ಮೇಲೆ ಬಾಗಿ, ನೆರಳಿನಲ್ಲಿ ಬೆಳಕು ಸಾಲದೆಂದು ಕ್ಯಾಮೆರಾದ ಮಿಂಚುದೀಪವನ್ನು ಹೊತ್ತಿಸಿದೆವು. ತಾಯಿಯು ಕಿವಿಗಳನ್ನು ಅಗಲಿಸಿ ತಟ್ಟನೆ ತಿರುಗಿತು. ಮೊಲೆ ತಪ್ಪಿ ಮರಿಯು ಹಿಂದಕ್ಕೆ ಮುಗ್ಗರಿಸಿತು. ಪಕ್ಕದಲ್ಲಿದ್ದ ಮತ್ತೊಂದು ಹೆಣ್ಣಾನೆ ಧಾವಿಸಿ ಬಂದಿತು. ಎರಡೂ ಸೇರಿ ಮರಿಯನ್ನು ಮರೆಮಾಡಿ ಗೋಡೆಯಂತೆ ನಿಂತವು.

ಮಾವುತನು ಹತ್ತಿರ ಬಂದು ಮೆಲ್ಲನೆ, “ಸ್ವಾಮಿ, ಬಾಣಂತಿಯ ಕೋಣೆಗೆ ಹೀಗೆ ದೀಪ ಹಿಡಿದು ನುಗ್ಗುತ್ತೀರಾ?” ಎಂದನು. ಮೊಮ್ಮಗನು ನಮ್ಮ ಮುಖವನ್ನು ನೋಡಿದನು. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ನಮಗೆ ಒಂದು ಮಾತೂ ಹೊರಡಲಿಲ್ಲ. ಕ್ಯಾಮೆರಾವನ್ನು ಚೀಲದೊಳಗೆ ಇಟ್ಟು, ದೂರದ ಕಲ್ಲುಬೆಂಚಿನ ಮೇಲೆ ಕುಳಿತೆವು.

ಅಲ್ಲಿ ಹುಡುಗನು ಮಾವುತನನ್ನು, “ಇದರ ಅಪ್ಪ ಎಲ್ಲಿ?” ಎಂದು ಕೇಳಿದನು. ಮಾವುತನು ಮರಗಳ ಆಚೆಗೆ ಕೈ ತೋರಿಸಿದನು. ಇಲ್ಲಿಯ ಆನೆಗಳನ್ನು ರಾತ್ರಿ ಕಾಡಿಗೆ ಮೇಯಲು ಬಿಡುವ ರೂಢಿಯುಂಟು. ಅಲ್ಲಿ ಕಾಡಿನ ಸಲಗಗಳು ಅವುಗಳೊಡನೆ ಕೂಡುತ್ತವೆ. ತಾಯಿಗೆ ಸರಪಣಿ, ತಂದೆಗೆ ಅರಣ್ಯ. 2020ರ ಆಗಸ್ಟಿನಲ್ಲಿ ಇಲ್ಲಿಯೇ ಸುವರ್ಣ ಎಂಬ ಆನೆಗೆ ಹುಟ್ಟಿದ ಹೆಣ್ಣುಮರಿಗೆ ಲೇಖಕಿ ಸುಧಾ ಮೂರ್ತಿಯವರ ಹೆಸರನ್ನು ಇಟ್ಟರು. ಹೆಸರು ದೊರೆತ ಮರಿಗೆ ಕಾಡು ದೊರೆಯುವುದೇ ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಕೊರೆಯತೊಡಗಿತು.

ಮರಿಯನ್ನೂ, ಗರ್ಭಿಣಿಯನ್ನೂ, ಹಾಲೂಡುವ ಹೆಣ್ಣಾನೆಯನ್ನೂ ಹಿಡಿಯಕೂಡದೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಸಿದೆ. ಆದರೆ ನಮ್ಮ ಕಾಕನಕೋಟೆಯ ಖೆಡ್ಡಾಗಳಲ್ಲಿ ತಾಯಿ ಮರಿಯೆನ್ನದೆ ಹಿಂಡುಗಳನ್ನೇ ಅಟ್ಟಿ ಹಿಡಿದರು. ಅವುಗಳಲ್ಲಿ ಕೊನೆಯದು ನಡೆದದ್ದು 1971ರಲ್ಲಿ. ಆನೆಗಳನ್ನು ಮೃಗಾಲಯಗಳಲ್ಲಿ ಪ್ರದರ್ಶನಕ್ಕೆ ಇಡದೆ ಶಿಬಿರಗಳಿಗೆ ಸಾಗಿಸಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವು 2009ರಲ್ಲಿ ಆದೇಶಿಸಿತು. 2023ರ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿರುವುದಾಗಿ ಅಂದಾಜಾಯಿತು. ಅವುಗಳಿಗೆ ಇರುವ ಕಾಡೇ ಸಾಲದೆ ಹೊಲಗಳಿಗೆ ಇಳಿಯುತ್ತಿರುವಾಗ, ಮನುಷ್ಯನ ಕೈಯಲ್ಲಿ ಬೆಳೆದ ಮರಿಯನ್ನು ಕಾಡಿಗೆ ಬಿಟ್ಟುಬಿಡಿರೆಂದು ಹೇಳುವುದು ಸುಲಭವಲ್ಲ. ಆದರೆ ಅದನ್ನು ನೋಡಿ ಹಿಗ್ಗುವ ನಾವು, ಅದರ ಕಾಲಿನ ಸರಪಣಿಯನ್ನು ಕಾಣದವರಂತೆ ಮನೆಗೆ ಮರಳುವುದೂ ನ್ಯಾಯವಲ್ಲ.

ಒಂದು ಗಂಟೆ ಕಳೆಯಿತು. ನಾವು ಕರೆಯದೆಯೇ ಮರಿಯು ತಾಯಿಯ ಮರೆಯಿಂದ ಹೊರಬಂದು ಮಣ್ಣಿನಲ್ಲಿ ಹೊರಳಿತು. ಮೊಮ್ಮಗನು ನೆಲದ ಮೇಲೆ ಕುಳಿತು, ಮಿಂಚುದೀಪವಿಲ್ಲದೆ, ಒಂದೇ ಒಂದು ಚಿತ್ರ ತೆಗೆದನು. ಮರಿಯ ಕಣ್ಣಿಗೂ ಅವನ ಕಣ್ಣಿಗೂ ಎತ್ತರ ಸರಿಯಾಗಿದ್ದುದರಿಂದ ಚಿತ್ರ ಚೆನ್ನಾಗಿ ಬಂದಿದೆ. ತಾಯಿಯ ಹಿಂಗಾಲೂ ಸರಪಣಿಯೂ ಅದರಲ್ಲಿ ಸೇರಿಕೊಂಡಿವೆ. ಸರಪಣಿಯನ್ನು ಕತ್ತರಿಸಿ ಕಟ್ಟು ಹಾಕಿಸೋಣವೆಂದು ಮಗಳು ಹೇಳಿದಳು, ಹುಡುಗನು ಒಪ್ಪಲಿಲ್ಲ. ಈಗ ಆ ಪಟ ಇದ್ದಂತೆಯೇ ನಮ್ಮ ನಡುಮನೆಯ ಗೋಡೆಯ ಮೇಲಿದೆ.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ: ಬೆಳಗಿನ ಹೊತ್ತು ಹೋಗಿರಿ, ಕೂಗಬೇಡಿರಿ, ತಿಂಡಿ ಎಸೆಯಬೇಡಿರಿ, ಮಿಂಚುದೀಪವನ್ನು ಆರಿಸಿರಿ. ಮಕ್ಕಳು ಪ್ರಶ್ನೆ ಕೇಳಿದರೆ ಗದರಿಸಬೇಡಿರಿ.