ಯಜಮಾನರ ಮಾತು, ಗುಮಾಸ್ತನ ಬಾಕಿ

ಶಿಕಾರಿಪುರ, ಸೊರಬ ತಾಲ್ಲೂಕುಗಳ ಅಕ್ಕಿ ಗಿರಣಿಯಲ್ಲೋ ಶುಂಠಿ, ಮೆಕ್ಕೆಜೋಳದ ಮಂಡಿಯಲ್ಲೋ ಗೊಬ್ಬರದ ಅಂಗಡಿಯಲ್ಲೋ ಕೆಲಸಕ್ಕಿರುವವರನ್ನು ಸಂಬಳ ಎಷ್ಟೆಂದು ಕೇಳಿದರೆ ತಕ್ಷಣ ಹೇಳುತ್ತಾರೆ. ಯಾವ ತಾರೀಖಿಗೆ ಕೈಗೆ ಬರುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ‘ಯಜಮಾನ್ರು ಕೊಡ್ತಾರೆ ಬಿಡಿ, ಎಲ್ಲಿಗೆ ಹೋಗ್ತದೆ’ ಎಂಬ ಸಮಾಧಾನ ಆಮೇಲೆ ಬರುತ್ತದೆ. ಮನೆತನದ ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗ ಈ ನಂಬಿಕೆಯಿಂದ ಯಾರಿಗೂ ತೊಂದರೆಯಿಲ್ಲ. ವ್ಯಾಪಾರ ಕೈಕೊಡಲು ಶುರುವಾದಾಗ ಮೊದಲ ಪೆಟ್ಟು ಬೀಳುವುದು ಹೀಗೆ ನಂಬಿ ಕೂತವರಿಗೇ.

ಅಂಥ ಗಿರಣಿಯ ಆಫೀಸು ಹೇಗಿರುತ್ತದೆಂದು ಈ ಭಾಗದವರಿಗೆ ಗೊತ್ತು. ಮೇಜಿನ ಮೇಲೆ ಉದ್ದನೆಯ ಕಿರ್ದಿ ಪುಸ್ತಕ, ಪಕ್ಕದಲ್ಲಿ ತೂಕದ ಚೀಟಿಗಳನ್ನು ಚುಚ್ಚಿಟ್ಟ ತಂತಿ. ಭತ್ತ ತಂದ ರೈತನ ಹೆಸರು, ಚೀಲ, ತೂಕ, ತೇವಕ್ಕೆಂದು ಕಳೆದದ್ದು ಎಲ್ಲವನ್ನೂ ಅವತ್ತೇ ಬರೆದಿಡುತ್ತಾರೆ. ತೌಡು, ನುಚ್ಚು ಮಾರಿದ್ದಕ್ಕೂ ಲೆಕ್ಕವಿದೆ. ಇಷ್ಟನ್ನೂ ಬರೆಯುವ ಗುಮಾಸ್ತನ ಸಂಬಳದ ಬಾಕಿ ಮಾತ್ರ ಯಾವ ಪುಟದಲ್ಲೂ ಇಲ್ಲ. ಅದು ಯಜಮಾನರ ನೆನಪಿನಲ್ಲಿದೆ. ಮಗಳ ಕಾಲೇಜು ಫೀಸಿಗೆಂದು ಕೊಟ್ಟ ಹಣ ಮುಂಗಡವೋ, ಹಳೆಯ ಬಾಕಿಗೆ ಜಮೆಯೋ, ಹಬ್ಬಕ್ಕೆ ಪ್ರೀತಿಯಿಂದ ಕೊಟ್ಟದ್ದೋ, ಆರು ತಿಂಗಳು ಕಳೆದ ಮೇಲೆ ಇಬ್ಬರ ನೆನಪೂ ಬೇರೆ ಬೇರೆ. ‘ಶನಿವಾರ ಖಂಡಿತ’ ಎಂದವರು ಶನಿವಾರ ಊರಲ್ಲಿರುವುದಿಲ್ಲ. ಲಾರಿಯವನಿಗೆ ಒಂದು ಮಾತು, ಬ್ಯಾಂಕಿನವರಿಗೆ ಇನ್ನೊಂದು ಮಾತು ಕೊಟ್ಟು ಹೊರಟುಬಿಡುತ್ತಾರೆ. ಅವರೆದುರು ನಿಂತು ಬೈಸಿಕೊಳ್ಳುವವನು ಗುಮಾಸ್ತ.

ಯಜಮಾನರ ಕಷ್ಟ ಸುಳ್ಳೆಂದು ನಾನು ಹೇಳುತ್ತಿಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷದ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅದು ಸಡಿಲವಾದದ್ದು 2024ರ ಸೆಪ್ಟೆಂಬರ್ ಕೊನೆಗೆ. ಶುಂಠಿಯ ಬೆಲೆ 2023ರಲ್ಲಿ ಮುಗಿಲಿಗೇರಿ ಆಮೇಲೆ ಕುಸಿಯಿತು. ಬೆಲೆಯನ್ನು ನಂಬಿ ದಾಸ್ತಾನು ಮಾಡಿದವರು, ಸಾಲ ತಂದು ಯಂತ್ರ ಕೂರಿಸಿದವರು ನಲುಗಿದ್ದು ನಿಜ. ಹಣವಿಲ್ಲದಿರುವುದು ಅಪರಾಧವಲ್ಲ. ಹಣವಿಲ್ಲವೆಂದು ಬಾಯಿಬಿಟ್ಟು ಹೇಳದೆ, ಇನ್ನೊಬ್ಬನ ಸಂಸಾರವನ್ನು ತಿಂಗಳಾನುಗಟ್ಟಲೆ ‘ನಾಳೆ’ಯ ಮೇಲೆ ನಡೆಸುವುದು ಅನ್ಯಾಯ. ಮಂಡಿ ಸೋಲುತ್ತಿರುವುದು ಮೊದಲು ಗೊತ್ತಾಗುವುದು ಯಜಮಾನರಿಗೆ. ಅದನ್ನು ತಿಳಿದರೆ ಬೇರೆ ಕೆಲಸ ಹುಡುಕಿಕೊಳ್ಳಬಹುದಾದವರು ನೌಕರರು. ಆ ಸುದ್ದಿಯನ್ನು ಮುಚ್ಚಿಟ್ಟರೆ ಅವರ ಸಂಬಳದ ಜೊತೆಗೆ ಬೇರೆ ಕಡೆ ಹೋಗುವ ಅವಕಾಶವನ್ನೂ ಕಿತ್ತುಕೊಂಡಂತೆ.

ಇದು ಓದುಬರಹ ಕಡಿಮೆಯಿರುವ ಊರಿನ ಸಮಸ್ಯೆ ಎಂದುಕೊಳ್ಳುವವರು ಕಿಂಗ್‌ಫಿಷರ್ ಏರ್‌ಲೈನ್ಸ್ ಅನ್ನು ನೆನೆಯಬೇಕು. 1983ರಲ್ಲಿ ತಂದೆ ವಿಠಲ ಮಲ್ಯ ತೀರಿಕೊಂಡ ಮೇಲೆ ಮನೆತನದ ಉದ್ಯಮ ವಿಜಯ ಮಲ್ಯರ ಕೈಗೆ ಬಂತು. 2005ರ ಮೇನಲ್ಲಿ ಹಾರಾಟ ಆರಂಭಿಸಿದ ವಿಮಾನ ಕಂಪನಿ 2012ರ ಹೊತ್ತಿಗೆ ತಿಂಗಳುಗಟ್ಟಲೆ ಸಂಬಳ ಉಳಿಸಿಕೊಂಡಿತ್ತು. ಪೈಲಟ್‌ಗಳು, ಎಂಜಿನಿಯರ್‌ಗಳು ಮುಷ್ಕರ ಹೂಡಿದರು. ಅಕ್ಟೋಬರ್‌ನಲ್ಲಿ ಹಾರಾಟ ನಿಂತಿತು. 2016ರ ಮಾರ್ಚ್‌ನಲ್ಲಿ ಮಲ್ಯ ದೇಶ ಬಿಟ್ಟಾಗಲೂ ನೌಕರರ ಬಾಕಿ ತೀರಿರಲಿಲ್ಲ. ಲಕ್ಷಗಟ್ಟಲೆ ಸಂಬಳದ, ಕಾನೂನು ತಿಳಿದ ಜನರೂ ಮುಂದಿನ ತಿಂಗಳ ಭರವಸೆಯ ಮೇಲೆ ದಿನ ತಳ್ಳಿದ್ದರು. ಹಾಗಿರುವಾಗ ಮಂಡಿಯ ಹಮಾಲಿಯನ್ನು ದಡ್ಡನೆನ್ನುವುದು ತಪ್ಪು.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕೂ ಇದೆ. ಉಂಡ ಮನೆಯ ಗಳ ಎಣಿಸಬಾರದು ಎಂಬ ಮಾತು ಎಲ್ಲರ ತಲೆಯಲ್ಲಿ ಕೂತಿದೆ. ಅಪ್ಪನ ಕಾಲದಿಂದ ಅದೇ ಮನೆಯಲ್ಲಿ ದುಡಿದವರಿಗೆ, ಮದುವೆಗೆ ಮುಂಗಡ ಪಡೆದವರಿಗೆ, ಸಂಬಳ ಕೇಳುವುದೇ ದ್ರೋಹವೆನಿಸುತ್ತದೆ. ಆದರೆ ದುಡಿದದ್ದಕ್ಕೆ ಲೆಕ್ಕ ಇಡುವುದು ಯಾವ ಗಳವನ್ನೂ ಎಣಿಸಿದಂತಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಬನವಾಸಿ ಪನ್ನಿರ್ಛಾಸಿರವೆಂಬ ಪ್ರಾಂತ್ಯದ ರಾಜಧಾನಿಯಾಗಿದ್ದ, ಬಣಂಜು ವರ್ತಕರಿಂದ ತುಂಬಿದ್ದ ಊರದು. ಅಲ್ಲಿನ ಕೋಡಿಮಠ ಯಾವ ಯಾವ ವಿದ್ಯೆ ಕಲಿಸುತ್ತಿತ್ತು, ಯಾರಿಗೆ ಅನ್ನ, ಯಾರಿಗೆ ಔಷಧಿ ಕೊಡುತ್ತಿತ್ತು ಎಂಬುದನ್ನು 1162ರ ಶಾಸನ ಹೇಳುತ್ತದೆ. ದಾನ ಕೊಟ್ಟವರ ಮೇಲೆ ಭಕ್ತಿಯಿತ್ತು, ಆದರೂ ಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿದರು. ಗೌರವಕ್ಕೂ ಬರವಣಿಗೆಗೂ ಆ ಕಾಲದವರು ವಿರೋಧ ಕಾಣಲಿಲ್ಲ.

ಈಗಿನ ಕಾನೂನೂ ಅದನ್ನೇ ಕೇಳುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಡಬೇಕು. ಕೆಲಸ ಬಿಟ್ಟರೆ, ತೆಗೆದರೆ ಎರಡು ಕೆಲಸದ ದಿನಗಳಲ್ಲಿ ಬಾಕಿ ತೀರಿಸಬೇಕು. ವೇತನ ಚೀಟಿ ಕೊಡುವುದು ಮಾಲೀಕರ ಕರ್ತವ್ಯ. ಎಲ್ಲಕ್ಕಿಂತ ಮುಖ್ಯವಾದದ್ದು, ಸಂಬಳ ಬಂದಿಲ್ಲವೆಂದು ನೌಕರ ದೂರಿದರೆ ಕೊಟ್ಟಿದ್ದೇನೆಂದು ಸಾಬೀತು ಮಾಡುವ ಹೊಣೆ ಮಾಲೀಕರದು. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಡೆ ಪಿಎಫ್ ಕಡಿತವಾಗುತ್ತಿದ್ದರೆ ಪಾಸ್‌ಬುಕ್ಕನ್ನು ಮೊಬೈಲಿನಲ್ಲೇ ತಿಂಗಳಿಗೊಮ್ಮೆ ನೋಡಬಹುದು. ಸಂಬಳದಿಂದ ಮುರಿದ ಹಣ ಅಲ್ಲಿ ಕಾಣದಿದ್ದರೆ ವ್ಯಾಪಾರದ ಸ್ಥಿತಿ ಏನೆಂದು ಯಜಮಾನರನ್ನು ಕೇಳಬೇಕಾಗಿಯೇ ಇಲ್ಲ.

ಕಾನೂನಿಗೆ ಹೋಗುವ ಮುನ್ನ ಮಾಡಬಹುದಾದದ್ದೂ ಇದೆ. ತಿಂಗಳ ಕೊನೆಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಸಾಕು: ‘ಯಜಮಾನ್ರೇ, ಈ ತಿಂಗಳು ಇಷ್ಟು ಬಂತು, ಹಿಂದಿನದು ಸೇರಿ ಇಷ್ಟು ಬಾಕಿ, ಒಮ್ಮೆ ನೋಡಿ.’ ಇದರಲ್ಲಿ ಜಗಳವಿಲ್ಲ, ದಾಖಲೆಯಿದೆ. ಎಷ್ಟು ತಿಂಗಳ ಬಾಕಿಯವರೆಗೆ ತಡೆದುಕೊಳ್ಳಬಲ್ಲೆ ಎಂಬುದನ್ನು ಮನೆಯವರ ಜೊತೆ ಕೂತು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಆ ಮಿತಿ ದಾಟಿದ ಮೇಲೆ ಹಳೆಯ ಬಾಕಿ ಬಿಟ್ಟುಹೋಗಲು ಮನಸ್ಸು ಬಾರದೆ ಜನ ಇನ್ನಷ್ಟು ಆಳಕ್ಕಿಳಿಯುತ್ತಾರೆ. ಸಂಬಳ ತಡವಾದರೆ ಹೇಗೋ ತಾಳಬಹುದು, ಯಜಮಾನರ ಸಾಲಕ್ಕೆ ಜಾಮೀನು ಹಾಕಿದರೆ ಮಾತ್ರ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಕರಾರು ಕಾಯ್ದೆಯಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ‘ನಿನ್ನ ಹೆಸರಲ್ಲಿ ಸೊಸೈಟಿ ಸಾಲ ತೆಗಿ, ನಾನು ಕಟ್ತೀನಿ’ ಎಂದವರ ಮಾತಿಗೆ, ಚಿನ್ನ ಅಡವಿಡುವುದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕುವುದಕ್ಕೆ ಖಡಾಖಂಡಿತವಾಗಿ ಇಲ್ಲ ಎನ್ನಬೇಕು. ಎಷ್ಟು ವರ್ಷದ ಋಣವಿದ್ದರೂ ಸರಿ.

ಯಜಮಾನರೇ ಅಪ್ಪನಾಗಿದ್ದಾಗ ಮಕ್ಕಳ ಪಾಡು ಇನ್ನೂ ಬಿಗಿ. ಅವರಿಗೆ ಸಂಬಳವೂ ಇಲ್ಲ, ಅಧಿಕಾರವೂ ಇಲ್ಲ. ಅವಿಭಕ್ತ ಕುಟುಂಬದ ಕರ್ತನಿಗೆ ಇಷ್ಟು ಅಧಿಕಾರ ಕೊಟ್ಟ ಮಿತಾಕ್ಷರವೆಂಬ ಧರ್ಮಶಾಸ್ತ್ರ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಕುಟುಂಬದ ವ್ಯಾಪಾರಕ್ಕೆಂದು ಕರ್ತ ಮಾಡಿದ ಸಾಲಕ್ಕೆ ಒಟ್ಟು ಆಸ್ತಿ ಇಂದಿಗೂ ಹೊಣೆ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಿಂದಾಗಿ, 2005ರ ಸೆಪ್ಟೆಂಬರ್ 9ರ ನಂತರದ ಸಾಲವನ್ನು, ಮಗನೆಂಬ ಧರ್ಮದ ಕಾರಣಕ್ಕಷ್ಟೇ ಮಗನಿಂದ ವಸೂಲು ಮಾಡುವಂತಿಲ್ಲ. ಅದೇ ತಿದ್ದುಪಡಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಮದುವೆಯಾಗಿ ಹೋದ ಮಗಳೂ ಗಿರಣಿಯ ಲೆಕ್ಕ ಕೇಳಬಹುದು. ಅಪ್ಪನ ಮರ್ಯಾದೆಗೆಂದು ಎಲ್ಲರೂ ಸುಮ್ಮನಿದ್ದ ಮನೆಗಳಲ್ಲಿ ಗಿರಣಿಯ ಜೊತೆಗೆ ತೋಟವೂ ಹರಾಜಿಗೆ ಬರುತ್ತದೆ. ಮನೆಯ ಖರ್ಚು ಬೇರೆ, ಅಂಗಡಿಯ ಖಾತೆ ಬೇರೆ ಎಂದು ಮೊದಲ ಗೆರೆ ಎಳೆಯಬೇಕಾದವರು ಮಕ್ಕಳೇ.

ಊರಿನ ವರ್ತಕರ ಸಂಘಗಳು ಮನಸ್ಸು ಮಾಡಿದರೆ ದೀಪಾವಳಿಯ ಅಂಗಡಿ ಪೂಜೆಗೆ ತೆರೆಯುವ ಹೊಸ ಪುಸ್ತಕದಲ್ಲಿ ನೌಕರರ ಬಾಕಿಗೂ ಒಂದು ಪುಟ ಇಡಿಸಬಹುದು. ಅಲ್ಲಿಯವರೆಗೆ ನಿಮ್ಮ ಲೆಕ್ಕವನ್ನು ನೀವೇ ಬರೆದಿಟ್ಟುಕೊಳ್ಳಿ. ಬಾಕಿ ಸಂಬಳಕ್ಕೆ ಅರ್ಜಿ ಹಾಕಲು ವೇತನ ಸಂಹಿತೆ ಕೊಟ್ಟಿರುವ ಗಡುವು ಮೂರು ವರ್ಷ. ಅದು ಮೀರಲು ಬಿಡಬೇಡಿ.